ಒಕ್ಕಲು ಮನೆಯ ಹಿರಿಯರ ಸ್ವಾವಲಂಬನೆ

ಸರ್ಕಾರಿ ನೌಕರನಿಗೆ ಅರವತ್ತನೆಯ ವಯಸ್ಸಿಗೆ ಕೆಲಸ ಮುಗಿಯುತ್ತದೆ. ಬೇಸಾಯಗಾರನಿಗೆ ನಿವೃತ್ತಿ ಎಂಬುದಿಲ್ಲ. ಮೈಯಲ್ಲಿ ಕಸುವಿರುವವರೆಗೆ ಹೊಲ, ಕೊಟ್ಟಿಗೆ, ಕಣ ಅವನನ್ನು ಬಿಡುವುದಿಲ್ಲ. ಆದರೆ ಆ ಕಸುವು ಕುಂದತೊಡಗಿದಾಗ ಮನೆಯವರು ಏನು ಮಾಡಬೇಕು, ಹಿರಿಯರು ತಾವೇ ಏನು ಮಾಡಿಕೊಳ್ಳಬೇಕು ಎಂಬುದನ್ನು ಮುಂಚಿತವಾಗಿ ಯೋಚಿಸುವ ಕುಟುಂಬಗಳು ಕಡಿಮೆ. ಬಿತ್ತನೆಗೆ ಮೊದಲು ಭೂಮಿ ಸಿದ್ಧಪಡಿಸುವಂತೆ ಮುಪ್ಪಿಗೂ ಸಿದ್ಧತೆ ಬೇಕಾಗುತ್ತದೆ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ. ಇವರಲ್ಲಿ ಹತ್ತಕ್ಕೆ ಏಳು ಮಂದಿ ಹಳ್ಳಿಗಳಲ್ಲಿಯೇ ಇದ್ದರು. 2017-18ರಲ್ಲಿ ದೇಶದಾದ್ಯಂತ ಹಿರಿಯರ ಬಗ್ಗೆ ನಡೆದ ದೊಡ್ಡ ಸಮೀಕ್ಷೆಯಲ್ಲಿ, 60 ದಾಟಿದ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ನಾನ, ಉಡುಪು, ಊಟ ಮುಂತಾದ ನಿತ್ಯದ ಕೆಲಸಗಳಲ್ಲಿ ಒಂದಾದರೂ ಕಷ್ಟವಾಗಿರುವುದು ಕಂಡುಬಂದಿತು.

ಮೇಲುಕೋಟೆಯ ಸುತ್ತಿನ ಪರಿಸ್ಥಿತಿ

ಪಾಂಡವಪುರ ತಾಲ್ಲೂಕಿನ ಕೆಳಭಾಗಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರಿದೆ. ಅಲ್ಲಿ ಬತ್ತ, ಕಬ್ಬು ಪ್ರಧಾನ. ಮೇಲುಕೋಟೆ ಬೆಟ್ಟದ ಸುತ್ತಿನ ಹಳ್ಳಿಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದವು. ರಾಗಿ, ಹುರುಳಿ, ಅವರೆ, ಜೊತೆಗೆ ಕುರಿ ಮೇಕೆ ಅಲ್ಲಿನ ಜೀವನಾಧಾರ. ಖುಷ್ಕಿ ಬೇಸಾಯದ ಆದಾಯ ಸಾಲದೆ ಮಕ್ಕಳು ಮೈಸೂರು, ಬೆಂಗಳೂರುಗಳಿಗೆ ಹೋಗುತ್ತಾರೆ. ಊರಿನಲ್ಲಿ ಉಳಿಯುವವರು ಹೆಚ್ಚಾಗಿ ಹಿರಿಯರು.

ಭೂಮಿಯ ಏರುತಗ್ಗು ಇಲ್ಲಿನ ಹಿರಿಯರಿಗೆ ಇನ್ನೊಂದು ತೊಡಕು. ಯೋಗನರಸಿಂಹಸ್ವಾಮಿಯ ಬೆಟ್ಟಕ್ಕೆ ನೂರಾರು ಮೆಟ್ಟಿಲು, ಕಲ್ಯಾಣಿಗೆ ಸುತ್ತಲೂ ಮೆಟ್ಟಿಲು. ಹಳೆಯ ಮನೆಗಳಲ್ಲಿ ಎತ್ತರದ ಜಗಲಿ, ಎದ್ದ ಹೊಸ್ತಿಲು, ತಗ್ಗಿನ ಬಚ್ಚಲು. ಹರೆಯದಲ್ಲಿ ಲೆಕ್ಕಕ್ಕೇ ಬಾರದ ಈ ಮೆಟ್ಟಿಲುಗಳು ಎಪ್ಪತ್ತರ ಹೊತ್ತಿಗೆ ದೊಡ್ಡ ಅಡ್ಡಿಯಾಗುತ್ತವೆ. ವರ್ಷವೂ ಬೆಟ್ಟ ಹತ್ತುತ್ತಿದ್ದವರು ಈ ವರ್ಷ ಕೆಳಗೇ ಕುಳಿತು ಕೈಮುಗಿದರೆ ಮನೆಯವರು ಅದನ್ನು ಗಮನಿಸಬೇಕು. ಅದು ಭಕ್ತಿ ಕಡಿಮೆಯಾದುದರ ಗುರುತಲ್ಲ, ಕಾಲಿನ ಬಲ ಕಡಿಮೆಯಾದುದರ ಗುರುತು.

ಅಳೆಯುವುದು ಹೇಗೆ?

ಅಮೆರಿಕದ ಕ್ಲೀವ್‌ಲೆಂಡ್ ನಗರದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಸಂಗಡಿಗರು 1963ರಲ್ಲಿ ಹಿರಿಯರ ಸ್ವಾವಲಂಬನೆಯನ್ನು ಅಳೆಯುವ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಜಗತ್ತಿನಾದ್ಯಂತ ಅದು ಬಳಕೆಯಲ್ಲಿದೆ. ಇದಕ್ಕೆ ಯಂತ್ರ ಬೇಡ, ಪರೀಕ್ಷಾಲಯ ಬೇಡ. ಈ ಕೆಳಗಿನ ಆರು ಕೆಲಸಗಳನ್ನು ಹಿರಿಯರು ಇನ್ನೊಬ್ಬರ ಸಹಾಯವಿಲ್ಲದೆ ಮಾಡುತ್ತಾರೆಯೆ ಎಂದು ನೋಡಿದರೆ ಸಾಕು.

1. ಸ್ನಾನ ಮಾಡುವುದು
2. ಬಟ್ಟೆ ಉಡುವುದು
3. ಕಕ್ಕಸಿಗೆ ಹೋಗಿ ಶುಚಿ ಮಾಡಿಕೊಂಡು ಬರುವುದು
4. ಹಾಸಿಗೆಯಿಂದ ಅಥವಾ ಕುರ್ಚಿಯಿಂದ ಏಳುವುದು, ಕೂರುವುದು
5. ಮಲಮೂತ್ರಗಳನ್ನು ಹಿಡಿತದಲ್ಲಿಟ್ಟುಕೊಳ್ಳುವುದು
6. ಊಟವನ್ನು ತಾವೇ ಬಾಯಿಗಿಡುವುದು

ತಾವೇ ಮಾಡುವ ಒಂದೊಂದಕ್ಕೂ ಒಂದು ಅಂಕ. ಆರು ಅಂಕ ಬಂದರೆ ಪೂರ್ಣ ಸ್ವಾವಲಂಬಿ ಎಂದು ತಿಳಿಯಬೇಕು. ಶಕ್ತಿ ಕುಂದುವಾಗ ಸಾಮಾನ್ಯವಾಗಿ ಮೊದಲು ಕಷ್ಟವಾಗುವುದು ಸ್ನಾನ, ಕೊನೆಯವರೆಗೂ ಉಳಿಯುವುದು ಊಟ. ಚೇತರಿಸಿಕೊಳ್ಳುವಾಗ ಇದೇ ಕ್ರಮ ತಿರುಗುಮುರುಗಾಗುತ್ತದೆ. ಆದುದರಿಂದ ಸ್ನಾನಕ್ಕೆ ಹಿಂಜರಿಯುವ ಹಿರಿಯರನ್ನು ಸೋಮಾರಿಗಳೆಂದು ಗದರಬಾರದು. ಬಚ್ಚಲಿನಲ್ಲಿ ಅವರಿಗೆ ಏನು ಕಷ್ಟವಾಗುತ್ತಿದೆ ಎಂದು ನೋಡಬೇಕು.

ಈ ಆರಕ್ಕಿಂತ ಮೊದಲೇ ಜಾರುವ ಕೆಲವು ಕೆಲಸಗಳಿವೆ. ಸಂತೆಗೆ ಹೋಗಿ ಲೆಕ್ಕ ಸರಿಯಾಗಿ ತರುವುದು, ಅಡುಗೆ ಮಾಡುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವುದು, ಒಬ್ಬರೇ ಬಸ್ಸಿನಲ್ಲಿ ಪಾಂಡವಪುರಕ್ಕೆ ಹೋಗಿಬರುವುದು, ದುಡ್ಡುಕಾಸು ನೋಡಿಕೊಳ್ಳುವುದು ಇಂಥವು. ಇವುಗಳಲ್ಲಿ ತಪ್ಪು ಕಾಣಿಸಿಕೊಂಡರೆ ಅದು ಮುಂದಾಗುವುದರ ಮುನ್ಸೂಚನೆ.

ಅತಿಯಾದ ಉಪಚಾರದಿಂದ ಹಾನಿ

ಹಿರಿಯರು ಪರಾವಲಂಬಿಗಳಾಗುವುದು ನಿರ್ಲಕ್ಷ್ಯದಿಂದ ಮಾತ್ರವಲ್ಲ, ಪ್ರೀತಿಯಿಂದಲೂ ಆಗುತ್ತದೆ. "ನೀನು ಕುಂತ್ಕೊ ಅವ್ವ, ನಾವು ಮಾಡ್ತೀವಿ" ಎಂಬ ಮಾತು ಬಹಳ ಮನೆಗಳಲ್ಲಿ ಕೇಳಿಬರುತ್ತದೆ. ಮಾತಿನಲ್ಲಿ ಮಮತೆಯಿದೆ. ಆದರೆ ಇವತ್ತು ನೀರು ಹೊಯ್ದುಕೊಟ್ಟು, ನಾಳೆ ಸೆರಗು ಸರಿಪಡಿಸಿ, ನಾಡಿದ್ದು ತುತ್ತು ಮಾಡಿಕೊಟ್ಟರೆ ಮೂರು ತಿಂಗಳಲ್ಲಿ ಆ ಕೆಲಸಗಳ ಅಭ್ಯಾಸವೇ ತಪ್ಪಿಹೋಗುತ್ತದೆ. ಬಳಸದ ಸ್ನಾಯು ಬೇಗ ಸೊರಗುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿ ನೋಡಿದ ಒಂದು ಅಧ್ಯಯನ 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆ ಹತ್ತೇ ದಿನಗಳಲ್ಲಿ ಅವರ ಕಾಲುಗಳಲ್ಲಿ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು.

ಕಳೆದುಹೋದ ಬಲವನ್ನು ಮರಳಿ ಪಡೆಯಲೂ ಸಾಧ್ಯ. 1990ರಲ್ಲಿ ಬಾಸ್ಟನ್ ನಗರದ ವೃದ್ಧರ ಆರೈಕೆ ಮನೆಯೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಕೊಡಲಾಯಿತು. ಎಂಟು ವಾರ ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಮೊದಲಿದ್ದುದರ ಎರಡು ಪಟ್ಟಿಗೂ ಮಿಕ್ಕಿ ಹೆಚ್ಚಿತು. ತೊಂಬತ್ತರಲ್ಲಿ ಸಾಧ್ಯವಾದುದು ಎಪ್ಪತ್ತರಲ್ಲಿ ಆಗದೆ ಇರಲು ಕಾರಣವಿಲ್ಲ.

ರೈತರಿಗೆ ಇದು ಹೊಸ ಮಾತಲ್ಲ. ಎಳೆಯ ರಾಗಿ ಪೈರಿನ ಮೇಲೆ ಕುಂಟೆ ಆಡಿಸಿದರೆ ಪೈರು ಸಾಯುವುದಿಲ್ಲ, ಇನ್ನಷ್ಟು ತೆಂಡೆ ಹೊಡೆಯುತ್ತದೆ. ಮಿತವಾದ ಶ್ರಮ ಹಿರಿಯರ ಮೈಗೂ ಅಷ್ಟೇ ಹಿತ. ಹಿರಿಯರು ನಿಧಾನವಾಗಿಯಾದರೂ ತಾವೇ ಮಾಡಬಲ್ಲ ಕೆಲಸವನ್ನು ಅವರಿಗೇ ಬಿಡಬೇಕು. ಕಷ್ಟವಾದರೆ ಕೆಲಸವನ್ನು ಕಿತ್ತುಕೊಳ್ಳದೆ, ಆ ಕೆಲಸ ನಡೆಯುವ ಜಾಗವನ್ನೂ ಸಲಕರಣೆಯನ್ನೂ ಬದಲಾಯಿಸಬೇಕು. ಹಿರಿಯರ ಆರೈಕೆಯಲ್ಲಿ ನೆನಪಿಡಬೇಕಾದ ಮುಖ್ಯ ಸೂತ್ರವಿದು.

ಬಚ್ಚಲು ಮತ್ತು ಕಕ್ಕಸು

65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ತೊಡೆಯ ಮೂಳೆಯ ಸೊಂಟದ ತುದಿ ಮುರಿದರೆ ಮತ್ತೆ ಮೊದಲಿನಂತೆ ನಡೆಯುವವರು ಕಡಿಮೆ. ಆದ್ದರಿಂದ ಮನೆಯಲ್ಲಿ ಮೊದಲು ಸರಿಪಡಿಸಬೇಕಾದ ಜಾಗ ಬಚ್ಚಲು.

ಪಾಚಿ ಕಟ್ಟಿದ ಕಲ್ಲನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ನುಣುಪಾದ ಟೈಲ್ಸಿಗಿಂತ ಒರಟಾದ ಕಲ್ಲುಹಾಸು ಮೇಲು. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂರುವುದರ ಬದಲು ಮೊಣಕಾಲಿನ ಎತ್ತರದ, ಅಲುಗಾಡದ ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡುವುದು ಒಳ್ಳೆಯದು. ತುಂಬಿದ ಬಿಂದಿಗೆ ಎತ್ತುವಂತಾಗಬಾರದು. ಕುಳಿತಲ್ಲಿಗೆ ಕೈಗೆಟುಕುವಂತೆ ಬಕೆಟ್ಟು, ಹಗುರವಾದ ಚೊಂಬು ಇರಬೇಕು. ಹಂಡೆಯಿಂದ ಬಿಸಿನೀರು ತೋಡುವ ಕೆಲಸವನ್ನು ಬೇರೆಯವರು ಮಾಡಿಕೊಡುವುದು ಕ್ಷೇಮ. ಮೈಗೆ ಹೊಯ್ದುಕೊಳ್ಳುವುದನ್ನು ಹಿರಿಯರಿಗೇ ಬಿಡಬೇಕು.

ಬಚ್ಚಲಿನ ಮತ್ತು ಕಕ್ಕಸಿನ ಗೋಡೆಗೆ ಕೈಯಲ್ಲಿ ಭದ್ರವಾಗಿ ಹಿಡಿಯುವಷ್ಟು ದಪ್ಪದ ಕಬ್ಬಿಣದ ಕೊಳವೆಯನ್ನು ಸಿಮೆಂಟಿನಲ್ಲಿ ನೆಡಿಸಬೇಕು. ನಲ್ಲಿಯನ್ನಾಗಲಿ ಬಟ್ಟೆಯ ಗೂಟವನ್ನಾಗಲಿ ಹಿಡಿದು ಏಳುವ ಅಭ್ಯಾಸ ಅಪಾಯಕರ. ಮಂಡಿ ಮಡಿಸಲಾರದವರಿಗೆ ನೆಲಗುಂಡಿಯ ಮೇಲೆ ಇಡುವ, ನಡುವೆ ತೂತಿರುವ ಕುರ್ಚಿ ಅಂಗಡಿಗಳಲ್ಲಿ ಸಿಗುತ್ತದೆ. ಊರಿನ ಬಡಗಿಯೂ ಮಾಡಿಕೊಡಬಲ್ಲ. ಕಕ್ಕಸು ಮನೆಯಿಂದ ದೂರವಿದ್ದರೆ ದಾರಿಗೆ ದೀಪ ಬೇಕು. ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂತಿರಬೇಕು.

ಮೂತ್ರ ತಡೆಯಲಾಗದಿರುವುದನ್ನು ಹಿರಿಯರು ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ. ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದರಿಂದ ಮಲಬದ್ಧತೆ, ತಲೆಸುತ್ತು, ಮೂತ್ರದ ಸೋಂಕು ಬರುತ್ತವೆ. ಇದು ಬಹಳ ಮಟ್ಟಿಗೆ ಚಿಕಿತ್ಸೆಯಿಂದ ಸುಧಾರಿಸುವ ತೊಂದರೆ. ವೈದ್ಯರಿಗೆ ತಿಳಿಸಲು ಸಂಕೋಚ ಪಡಬಾರದು.

ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು

ಹಾಸಿಗೆಯಿಂದ ದಿಢೀರನೆ ಎದ್ದರೆ ರಕ್ತದೊತ್ತಡ ತಗ್ಗಿ ಕಣ್ಣು ಕತ್ತಲಿಡುತ್ತದೆ. ಮೊದಲು ಮಗ್ಗುಲಿಗೆ ಹೊರಳಬೇಕು, ಕಾಲುಗಳನ್ನು ಇಳಿಬಿಟ್ಟು ಮೊಣಕೈಯೂರಿ ಎದ್ದು ಕೂರಬೇಕು, ಒಂದೆರಡು ನಿಮಿಷ ಕುಳಿತ ನಂತರ ನಿಲ್ಲಬೇಕು. ನೆಲದ ಮೇಲಿನ ಚಾಪೆಗಿಂತ ಮಂಚ ಉತ್ತಮ. ಕುಳಿತಾಗ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಮಾತ್ರ ಅದರ ಎತ್ತರವಿರಬೇಕು.

ಊರುಗೋಲಿನ ಹಿಡಿ, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಎತ್ತರಕ್ಕೆ ಬರಬೇಕು. ತುದಿಗೆ ರಬ್ಬರು ಹಾಕಿಸಬೇಕು. ನೋವಿರುವ ಕಾಲಿನ ಕಡೆಯ ಕೈಯಲ್ಲಿ ಕೋಲು ಹಿಡಿಯುವುದು ಹಲವರ ವಾಡಿಕೆ. ಇದು ಸರಿಯಲ್ಲ. ಬಲಗಾಲು ನೋವಾದರೆ ಕೋಲು ಎಡಗೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿಯಾದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಇಡಬೇಕು. ಮೇಲುಕೋಟೆಯಂಥ ಊರಿನಲ್ಲಿ ಈ ಒಂದು ಕ್ರಮ ತಿಳಿದಿದ್ದರೆ ಎಷ್ಟೋ ಅನಾಹುತ ತಪ್ಪುತ್ತದೆ. ಹೊಸ್ತಿಲಿಗೂ ಕೊನೆಯ ಮೆಟ್ಟಿಲಿಗೂ ಬಿಳಿ ಅಥವಾ ಹಳದಿ ಬಣ್ಣದ ಪಟ್ಟೆ ಬಳಿದರೆ ಮಂದ ದೃಷ್ಟಿಯವರಿಗೂ ಕಾಣುತ್ತದೆ. ಸವೆದ ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಮೆಟ್ಟಬೇಕು.

ಬಿದ್ದರೆ ಗಾಬರಿಯಿಂದ ಥಟ್ಟನೆ ಏಳಬಾರದು. ಹೆಚ್ಚು ನೋವಿಲ್ಲವೆಂದು ಖಚಿತವಾದ ಮೇಲೆ ಮಗ್ಗುಲಾಗಿ, ಅಂಬೆಗಾಲಿನಲ್ಲಿ ಜಗಲಿಯ ಅಥವಾ ಮಂಚದ ಬಳಿಗೆ ಹೋಗಿ, ಅದನ್ನು ಹಿಡಿದು ಒಂದು ಕಾಲೂರಿ ಏಳಬೇಕು. ಕಾಲು ಗಿಡ್ಡವಾದಂತೆ ಅಥವಾ ಹೊರಕ್ಕೆ ತಿರುಗಿದಂತೆ ಕಂಡರೆ ಎಬ್ಬಿಸಲೇಬಾರದು. 108ಕ್ಕೆ ಕರೆ ಮಾಡಬೇಕು.

ಜಗಲಿಯ ಮೇಲಿನ ವ್ಯಾಯಾಮ

ಪ್ರತಿದಿನ ಎರಡು ಹೊತ್ತು ಹತ್ತು ನಿಮಿಷ ಮೀಸಲಿಟ್ಟರೆ ಸಾಕು. ಮೊದಲನೆಯದು, ಜಗಲಿಯ ಅಥವಾ ಕುರ್ಚಿಯ ಮೇಲಿಂದ ಕೈಯೂರದೆ ಎದ್ದು ನಿಧಾನವಾಗಿ ಕೂರುವುದು. ಐದು ಸಲದಿಂದ ಆರಂಭಿಸಿ ಕ್ರಮೇಣ ಹದಿನೈದಕ್ಕೆ ಏರಿಸಬಹುದು. ಎರಡನೆಯದು, ಕಂಬ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ನಿಂತು ಇಳಿಯುವುದು. ಮೂರನೆಯದು, ಕಂಬ ಹಿಡಿದೇ ಒಂದೊಂದು ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು. ಎದೆನೋವು, ಏದುಸಿರು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಕೈಯೂರದೆ ಐದು ಸಲ ಏಳಲಾಗದಿದ್ದರೆ ಕಾಲಿನ ಬಲ ಕುಂದಿದೆ ಎಂದೇ ತಿಳಿಯಬೇಕು.

ಉಡುಪು ಮತ್ತು ಮೈಶುಚಿ

ಪಾರ್ಶ್ವವಾಯು ಅಥವಾ ತೋಳುನೋವು ಇರುವವರು ಅಂಗಿ, ರವಿಕೆ ತೊಡುವಾಗ ಸೋತ ಕೈಯನ್ನು ಮೊದಲು ತೂರಿಸಬೇಕು, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಬೇಕು. ಗುಂಡಿ, ಹುಕ್ಕುಗಳ ಬದಲು ಒತ್ತಿದರೆ ಅಂಟಿಕೊಳ್ಳುವ ಪಟ್ಟಿ ಹೊಲಿಸಿದರೆ ಬೆರಳು ನಡುಗುವವರಿಗೂ ಅನುಕೂಲ. ಪಂಚೆ, ಸೀರೆ ಕಾಲಿಗೆ ತೊಡರದಂತೆ ಕಣಕಾಲಿನ ಮೇಲೆ ನಿಲ್ಲಬೇಕು. ಕುಳಿತು ಉಡುವುದರಿಂದ ಬೀಳುವ ಭಯ ತಪ್ಪುತ್ತದೆ.

ದಿನವೂ ಬಾಯಿ ಶುಚಿ ಮಾಡಿಕೊಳ್ಳಬೇಕು. ಕಟ್ಟಿಸಿದ ಹಲ್ಲುಸೆಟ್ಟನ್ನು ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಬೇಕು. ಸಕ್ಕರೆ ಕಾಯಿಲೆಯವರು ದಿನವೂ ಪಾದದ ಅಡಿಯನ್ನು ನೋಡಿಕೊಳ್ಳಬೇಕು. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು. ಅಂಥವರು ಬರಿಗಾಲಿನಲ್ಲಿ ಹೊಲಕ್ಕೆ ಹೋಗಬಾರದು. ಮುಳ್ಳು ಚುಚ್ಚಿದರೂ ತಿಳಿಯದೆ ಹುಣ್ಣಾಗುವ ಸಂಭವವಿರುತ್ತದೆ.

ಆಹಾರ

ಹಲ್ಲು ಬಿದ್ದ ಹಿರಿಯರು ಅನ್ನ, ತಿಳಿಸಾರು, ಕಾಫಿಯಲ್ಲಿಯೇ ದಿನ ಕಳೆಯುವುದುಂಟು. ಇದರಿಂದ ಮೂಳೆಗೂ ಮಾಂಸಖಂಡಕ್ಕೂ ಬೇಕಾದುದು ಸಿಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇರುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಇಂಡಾಫ್ ರಾಗಿ ತಳಿಗಳನ್ನು ರೂಪಿಸಿದ ಈ ಜಿಲ್ಲೆಯಲ್ಲಿ, ಹಿರಿಯರ ತಟ್ಟೆಯಿಂದ ಮುದ್ದೆ ಮರೆಯಾಗಬಾರದು. ಮುದ್ದೆ ಅಗಿಯದೆ ನುಂಗುವ ಆಹಾರವಾದುದರಿಂದ ಹಲ್ಲಿಲ್ಲದವರಿಗೂ ಸಲ್ಲುತ್ತದೆ. ನುಂಗುವಾಗ ಕೆಮ್ಮು ಬರುವವರಿಗೆ ಮಾತ್ರ ಮುದ್ದೆಯ ಬದಲು ಅಂಬಲಿ ಕೊಡಬೇಕು.

ರಾಗಿಯಲ್ಲಿ ಸಸಾರಜನಕ ಶೇಕಡ 7ರಷ್ಟು ಮಾತ್ರ. ಹುರುಳಿಯಲ್ಲಿ ಅದು ಶೇಕಡ 20ಕ್ಕೂ ಹೆಚ್ಚು. ಹಿರಿಯರಿಗೆ ದಿನಕ್ಕೆ ದೇಹತೂಕದ ಒಂದು ಕಿಲೋಗೆ ಸುಮಾರು 1 ಗ್ರಾಂ ಸಸಾರಜನಕ ಬೇಕು. ಆದಕಾರಣ ಮುದ್ದೆಯ ಜೊತೆ ಹುರುಳಿ, ಅವರೆ ಅಥವಾ ತೊಗರಿಯ ಗಟ್ಟಿಸಾರು, ನುಗ್ಗೆಸೊಪ್ಪು, ಒಂದು ಲೋಟ ಮಜ್ಜಿಗೆ ಇರಬೇಕು. ಮೊಟ್ಟೆ ತಿನ್ನುವವರು ದಿನಕ್ಕೊಂದು ತಿನ್ನಬಹುದು. ಮೂತ್ರಪಿಂಡದ ಕಾಯಿಲೆಯಿದ್ದವರು ವೈದ್ಯರ ಸಲಹೆಯಂತೆ ನಡೆಯಬೇಕು. ಕೈ ನಡುಗುವವರಿಗೆ ಅಂಚು ಎತ್ತರವಾದ ತಟ್ಟೆ, ದಪ್ಪ ಹಿಡಿಯ ಚಮಚ ಕೊಟ್ಟರೆ ತಾವೇ ಊಟ ಮಾಡುತ್ತಾರೆ. ಅನ್ನ ಚೆಲ್ಲಿತೆಂದು ತಟ್ಟೆ ಕಿತ್ತುಕೊಳ್ಳಬಾರದು.

ಹಿರಿಯರಿಗೆ ತಕ್ಕ ಬೇಸಾಯದ ಕೆಲಸ

1976ರಲ್ಲಿ ಅಮೆರಿಕದ ಒಂದು ವೃದ್ಧರ ಆರೈಕೆ ಮನೆಯಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಒಂದು ಪ್ರಯೋಗ ನಡೆಸಿದರು. ಒಂದು ಮಹಡಿಯ ಹಿರಿಯರಿಗೆ ತಮ್ಮ ದಿನಚರಿಯನ್ನು ತಾವೇ ತೀರ್ಮಾನಿಸುವಂತೆ ತಿಳಿಸಿ, ಸಾಕಲು ಒಂದೊಂದು ಗಿಡ ಕೊಡಲಾಯಿತು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟು, ನೀರೆರೆಯುವ ಕೆಲಸವನ್ನು ದಾದಿಯರೇ ಮಾಡುವರೆಂದು ಹೇಳಲಾಯಿತು. ಮೂರು ವಾರಗಳ ನಂತರ ನೋಡಿದಾಗ ಮೊದಲನೆಯ ಗುಂಪಿನವರು ಹೆಚ್ಚು ಲವಲವಿಕೆಯಿಂದಿದ್ದರು. ಗಿಡ ಎರಡು ಕಡೆಯೂ ಇತ್ತು. ಹೊಣೆ ಒಂದೇ ಕಡೆ ಇತ್ತು.

ಒಕ್ಕಲು ಮನೆಯಲ್ಲಿ ಇಂಥ ಹೊಣೆಗಳಿಗೆ ಕೊರತೆಯಿಲ್ಲ. ಬಿತ್ತನೆಗೆ ರಾಗಿ ತೆನೆ ಆಯ್ದು ಬೀಜ ಜೋಪಾನ ಮಾಡುವುದು, ಅವರೆ ಸುಲಿಯುವುದು, ಹುಣಸೆಹಣ್ಣು ಬಿಡಿಸುವುದು, ಹಿತ್ತಲಿನ ಸೊಪ್ಪಿನ ಮಡಿ, ಡೇರಿ ಹಾಲಿನ ಲೆಕ್ಕ ಮುಂತಾದವು ಸೂಕ್ತ. ಮಡಿಯನ್ನು ಸೊಂಟದೆತ್ತರದ ಕಟ್ಟೆಯ ಮೇಲೆ ಅಥವಾ ಹಳೆಯ ತೊಟ್ಟಿಯಲ್ಲಿ ಮಾಡಿದರೆ ಬಗ್ಗಬೇಕಾಗಿಲ್ಲ. ನಿಂತೇ ಕಳೆ ತೆಗೆಯುವ ಉದ್ದ ಹಿಡಿಯ ಕೈಕುಂಟೆ ಬಳಸಬಹುದು. ಯಾವ ಬೀಜ ಉಳಿಸಬೇಕು, ಯಾವ ಸೊಪ್ಪು ಬಿತ್ತಬೇಕು ಎಂಬ ತೀರ್ಮಾನವೂ ಅವರದೇ ಆಗಿರಲಿ. ಔಷಧಿ ಸಿಂಪರಣೆ, ಮರ ಹತ್ತುವುದು, ಮೇವು ಕತ್ತರಿಸುವ ಯಂತ್ರ, ಹಾಯುವ ದನ, ನಡುಮಧ್ಯಾಹ್ನದ ಬಿಸಿಲು ಇವುಗಳಿಂದ ಹಿರಿಯರನ್ನು ದೂರವಿಡಬೇಕು.

ವಯಸ್ಸೆಂದು ಬಿಡಬಾರದ ಲಕ್ಷಣಗಳು

ಮುಪ್ಪು ನಿಧಾನವಾಗಿ ಬರುತ್ತದೆ. ಮೊನ್ನೆಯವರೆಗೆ ತಾವೇ ಸ್ನಾನ ಮಾಡುತ್ತಿದ್ದವರು ಎರಡು ಮೂರು ದಿನಗಳಲ್ಲಿ ಹಾಸಿಗೆ ಹಿಡಿದರೆ, ಮಾತು ಅಸಂಬದ್ಧವಾದರೆ, ಹೊಸದಾಗಿ ಮೂತ್ರ ಸೋರತೊಡಗಿದರೆ ಅದು ವಯಸ್ಸಲ್ಲ, ಕಾಯಿಲೆ. ಸೋಂಕು, ನಿರ್ಜಲತೆ, ಔಷಧಿಗಳ ಅಡ್ಡಪರಿಣಾಮ ಸಾಮಾನ್ಯ ಕಾರಣಗಳು. ತಡಮಾಡದೆ ಪಾಂಡವಪುರದ ತಾಲ್ಲೂಕು ಆಸ್ಪತ್ರೆಗಾಗಲಿ, ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗಾಗಲಿ ಕರೆದೊಯ್ಯಬೇಕು. ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದರೆ ಅದು ಪಾರ್ಶ್ವವಾಯು. ಅಲ್ಲಿ ಒಂದೊಂದು ಗಂಟೆಯೂ ಅಮೂಲ್ಯ. ಕಣ್ಣಿನ ಪೊರೆ, ಕಿವಿ ಮಂದವಾಗಿರುವುದು ಹಿರಿಯರನ್ನು ಮೂಲೆಗೆ ತಳ್ಳುವ ಇನ್ನೆರಡು ಕಾರಣಗಳು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ನಿವಾರಿಸಬಹುದು. ಕಿವಿಗೆ ಶ್ರವಣ ಸಾಧನವಿದೆ.

ಜಮೀನು ಮತ್ತು ಸ್ವಾವಲಂಬನೆ

ಮೈಯ ಸ್ವಾವಲಂಬನೆಗೆ ಕೈಯಲ್ಲಿ ನಾಲ್ಕು ಕಾಸೂ ಬೇಕು. 65 ತುಂಬಿದ, ಆದಾಯ ಕಡಿಮೆಯಿರುವ ಹಿರಿಯರು ಸಂಧ್ಯಾ ಸುರಕ್ಷಾ ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ಪಾಸ್‌ಪುಸ್ತಕ ಅವರ ಬಳಿಯೇ ಇರಬೇಕು.

ಬದುಕಿರುವಾಗಲೇ ಜಮೀನನ್ನು ಮಕ್ಕಳಿಗೆ ಬರೆದುಕೊಟ್ಟು ಆಮೇಲೆ ಪರಿತಪಿಸುವ ಹಿರಿಯರಿದ್ದಾರೆ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯ 23ನೆಯ ಕಲಮಿನ ಪ್ರಕಾರ, ಪೋಷಿಸಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ಪೋಷಿಸದಿದ್ದರೆ ಆ ಪತ್ರವನ್ನು ರದ್ದುಪಡಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಆದುದರಿಂದ ದಾನಪತ್ರ ಬರೆಸುವಾಗ "ಜೀವಮಾನಪರ್ಯಂತ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು" ಎಂಬ ಷರತ್ತನ್ನು ಸ್ಪಷ್ಟವಾಗಿ ಬರೆಸಲೇಬೇಕು. ಬಾಯಿಮಾತನ್ನು ನಂಬಿ ಸುಮ್ಮನಿರಬಾರದು. ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಿರಿಯರು ಪಾಂಡವಪುರದ ಉಪವಿಭಾಗಾಧಿಕಾರಿಯವರಿಗೆ ಅರ್ಜಿ ಸಲ್ಲಿಸಬಹುದು. ಮಾಹಿತಿಗೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ರೈತ ಬಾಂಧವರು ಮುಂಗಾರಿನ ಸಿದ್ಧತೆಗೆ ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ಮನೆಯ ಹಿರಿಯರೊಡನೆ ಕುಳಿತು ಮೇಲೆ ಹೇಳಿದ ಆರು ಅಂಶಗಳನ್ನು ಗುರುತು ಹಾಕಿನೋಡಬೇಕು. ಎಲ್ಲಿ ಕಷ್ಟವಿದೆಯೆಂದು ಅವರನ್ನೇ ಕೇಳಬೇಕು. ಬಚ್ಚಲಿಗೊಂದು ಕೊಳವೆ, ಹೊಸ್ತಿಲಿಗೊಂದು ಬಣ್ಣದ ಪಟ್ಟೆ, ಊರುಗೋಲಿಗೊಂದು ರಬ್ಬರು, ಇವಕ್ಕೆ ತಗಲುವ ಖರ್ಚು ಅಲ್ಪ. ಇಷ್ಟನ್ನು ಮಾಡಿಕೊಟ್ಟರೆ ಎಷ್ಟೋ ಹಿರಿಯರು ತಮ್ಮ ಸ್ನಾನ, ತಮ್ಮ ಊಟ, ತಮ್ಮ ನಡಿಗೆಯನ್ನು ಇನ್ನೂ ಹಲವು ವರ್ಷ ತಾವೇ ನೋಡಿಕೊಳ್ಳಬಲ್ಲರು.